ಆಟ ಮೊದಲಾ, ಹೋಮ್‌ವರ್ಕ್ ಮೊದಲಾ? ನಿಮ್ಮ ಮನೆಯಲ್ಲಿ ಸಂಜೆ ಹೇಗೆ ನಡೆಯುತ್ತದೆ?

ಹೇಮಾವತಿ ತೀರ (ಹಾಸನ)

ಎಲ್ಲರಿಗೂ ನಮಸ್ಕಾರ. ನಮಗೆ ಇಬ್ಬರು ಮಕ್ಕಳು. ಮಗಳು ಏಳನೇ ತರಗತಿ, ಮಗ ನಾಲ್ಕನೇ ತರಗತಿ. ಶಾಲೆ ವ್ಯಾನ್ ಮನೆ ಮುಂದೆ ಬರುವಾಗ ನಾಲ್ಕೂ ಮುಕ್ಕಾಲು. ಕೈಕಾಲು ತೊಳೆದು ಏನಾದರೂ ತಿನ್ನುವಷ್ಟರಲ್ಲಿ ಐದು ದಾಟಿರುತ್ತದೆ. ಆರಕ್ಕೆ ಟ್ಯೂಷನ್. ಅಲ್ಲಿಂದ ಬಂದು ಹೋಮ್‌ವರ್ಕ್ ಮುಗಿಸುವಾಗ ರಾತ್ರಿ ಒಂಬತ್ತು. ಮಗ ಪೆನ್ಸಿಲ್ ಹಿಡಿದುಕೊಂಡೇ ತೂಕಡಿಸುತ್ತಾನೆ.

ಐದರಿಂದ ಆರರ ತನಕ ಸಿಗುವ ಆ ಒಂದು ಗಂಟೆಗಾಗಿ ದಿನಾ ಜಗಳ. ನಮ್ಮ ಯಜಮಾನರು "ಮೊದಲು ಹೋಮ್‌ವರ್ಕ್ ಮುಗಿಸಲಿ, ಆಮೇಲೆ ಎಷ್ಟು ಬೇಕಾದರೂ ಆಡಲಿ" ಅನ್ನುತ್ತಾರೆ. ಅತ್ತೆ "ಬೆಳಗಿಂದ ಕೂತು ಬಂದಿದಾವೆ, ಬಿಡು ಆಡಲಿ" ಅನ್ನುತ್ತಾರೆ. ಇಬ್ಬರ ಮಾತೂ ಸರಿ ಅನ್ನಿಸುತ್ತದೆ. ಆದರೆ "ಆಮೇಲೆ" ಅನ್ನುವುದು ಬರುವುದೇ ಇಲ್ಲ. ಅಷ್ಟೊತ್ತಿಗೆ ಕತ್ತಲಾಗಿರುತ್ತದೆ. ಮಗಳಂತೂ ಈಗ ಆಟ ಕೇಳುವುದನ್ನೇ ಬಿಟ್ಟಿದ್ದಾಳೆ. ಅದೇ ನನಗೆ ಜಾಸ್ತಿ ಚಿಂತೆ.

ನೀವೆಲ್ಲ ಹೇಗೆ ಹೊಂದಿಸುತ್ತೀರಿ? ದಯವಿಟ್ಟು ನಿಮ್ಮ ಮನೆಯಲ್ಲಿ ನಿಜವಾಗಿ ನಡೆಯುವುದನ್ನೇ ಬರೆಯಿರಿ.

ಬೆಣ್ಣೆನಗರಿ (ದಾವಣಗೆರೆ)

ಮೇಡಂ, ನಿಮ್ಮ ಯಜಮಾನರ ಮಾತಿಗೆ ನನ್ನ ಓಟು. ನಮ್ಮ ಮನೆಯಲ್ಲೂ ಅದೇ ನಿಯಮ. ಕೆಲಸ ಮುಗಿಸಿ ಆಮೇಲೆ ಆಟ ಅನ್ನುವುದು ಚಿಕ್ಕಂದಿನಲ್ಲೇ ರೂಢಿಯಾಗಬೇಕು. ದೊಡ್ಡವರಾದ ಮೇಲೆ ಕಲಿಸಲು ಆಗುವುದಿಲ್ಲ. ಆಡಿ ದಣಿದು ಬಂದ ಹುಡುಗನನ್ನು ಪುಸ್ತಕದ ಮುಂದೆ ಕೂರಿಸಿ ನೋಡಿ, ಹತ್ತು ನಿಮಿಷಕ್ಕೆ ಮಲಗಿರುತ್ತಾನೆ. ಮಕ್ಕಳು ಆಡಬಾರದು ಅಂತ ನಾನು ಹೇಳುತ್ತಿಲ್ಲ. ಅನಿಲ್ ಕುಂಬ್ಳೆ ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದವರು. ಜಾವಗಲ್ ಶ್ರೀನಾಥ್ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದವರು. ಶಿಸ್ತು ಇದ್ದರೆ ಎರಡೂ ಆಗುತ್ತದೆ.

ನಿವೃತ್ತ ಟೀಚರಮ್ಮ (ಸಾಗರ)

ಹಾಸನದ ತಂಗಿ, ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಇಡೀ ನೌಕರಿ ಕಳೆದವಳು ನಾನು. ನಿನ್ನ ಅತ್ತೆಯ ಮಾತು ಕೇಳು.

ಕಾರಣ ಬಹಳ ಸರಳ. ಓದನ್ನು ದೀಪದ ಕೆಳಗೆ ಮಾಡಬಹುದು. ಓಡಿ ಆಡುವುದಕ್ಕೆ ಬೆಳಕು ಬೇಕು. ನಮ್ಮ ಕಡೆ ಡಿಸೆಂಬರ್‌ನಲ್ಲಿ ಆರು ಗಂಟೆಗೇ ಕತ್ತಲು ಇಳಿಯುತ್ತದೆ. ಮಳೆಗಾಲದಲ್ಲಿ ಬಿಡುವು ಸಿಗುವುದೇ ಅಪರೂಪ. ಇರುವ ಚೂರು ಬೆಳಕನ್ನು ಹೋಮ್‌ವರ್ಕಿಗೆ ಕೊಟ್ಟರೆ ಮಗುವಿಗೆ ಉಳಿಯುವುದು ಟಿವಿ, ಮೊಬೈಲು ಮಾತ್ರ. ಹಾಗಾಗಿ ಬೆಳಕಿನ ಹೊತ್ತು ಆಟಕ್ಕೆ, ದೀಪದ ಹೊತ್ತು ಓದಿಗೆ. ಬಂದ ಕೂಡಲೇ ತಿಂಡಿ, ಆಮೇಲೆ ಬಯಲು, ದೀಪ ಹಚ್ಚುವ ಹೊತ್ತಿಗೆ ಒಳಗೆ, ಮೈಕೈ ತೊಳೆದು ಪುಸ್ತಕ. ಈ ಸಾಲು ಒಮ್ಮೆ ರೂಢಿಗೆ ಬಂದರೆ ಯಾರೂ ಯಾರನ್ನೂ ಕೂಗಿ ಕರೆಯಬೇಕಿಲ್ಲ.

ದಾವಣಗೆರೆ ತಮ್ಮಾ, ಆಡಿ ಬಂದವನು ಮಲಗುತ್ತಾನೆ ಅಂದೆ. ಬೆಳಗ್ಗೆ ಎಂಟರಿಂದ ಬೆಂಚಿನ ಮೇಲೆ ಕೂತ ಮಗು ಸಂಜೆ ಐದಕ್ಕೆ ಮತ್ತೆ ಕೂತರೆ ಅದರ ತಲೆಗೆ ಏನು ಹೋಗುತ್ತದೆ ಹೇಳು. ಒಂದು ಪುಟ ಬರೆಯಲು ಒಂದು ಗಂಟೆ. ಅದೇ ಮಗು ಆಡಿ, ನೀರು ಕುಡಿದು, ಸ್ವಲ್ಪ ಹೊಟ್ಟೆಗೆ ತಿಂದು ಕೂತರೆ ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತದೆ. ಇದನ್ನು ನಾನು ನೂರಾರು ಮಕ್ಕಳಲ್ಲಿ ನೋಡಿದ್ದೇನೆ. ದಣಿವು ಮತ್ತು ಹಸಿವು ಎರಡೂ ಒಟ್ಟಿಗೆ ಇದ್ದರೆ ಮಾತ್ರ ಮಲಗುತ್ತದೆ. ಊಟ ಒಂಬತ್ತಕ್ಕೆ ಇದ್ದರೆ ಅದನ್ನು ಎಂಟಕ್ಕೆ ತನ್ನಿ.

ಇನ್ನೊಂದು ವಿಷಯ. ನಾಲ್ಕನೇ ತರಗತಿ ಮಗುವಿಗೆ ರಾತ್ರಿ ಒಂಬತ್ತರ ತನಕ ಬರವಣಿಗೆ ಯಾಕೆ ಇರಬೇಕು? ಕೇಂದ್ರ ಸರ್ಕಾರದ ಶಾಲಾ ಬ್ಯಾಗ್ ನೀತಿ 2020ರಲ್ಲಿ ಬಂದಿದೆ. ಎರಡನೇ ತರಗತಿವರೆಗೆ ಹೋಮ್‌ವರ್ಕೇ ಬೇಡ. ಮೂರರಿಂದ ಐದನೇ ತರಗತಿಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. ದಿನಕ್ಕಲ್ಲ, ವಾರಕ್ಕೆ. ಆರರಿಂದ ಎಂಟಕ್ಕೆ ದಿನಕ್ಕೆ 1 ಗಂಟೆ, ಒಂಬತ್ತರಿಂದ ಮೇಲೆ ದಿನಕ್ಕೆ 2 ಗಂಟೆ. ಬ್ಯಾಗಿನ ತೂಕ ಮಗುವಿನ ತೂಕದ ಹತ್ತರಲ್ಲಿ ಒಂದು ಭಾಗ ದಾಟಬಾರದು ಅಂತಲೂ ಅದರಲ್ಲಿದೆ. ನಿನ್ನ ಮಗನ ಒಂದು ದಿನದ ಹೋಮ್‌ವರ್ಕನ್ನು ಗಡಿಯಾರ ಇಟ್ಟು ನೋಡಮ್ಮ.

ಹೇಮಾವತಿ ತೀರ (ಹಾಸನ)

ಅಕ್ಕಾ, ವಾರಕ್ಕೆ 2 ಗಂಟೆ ಅಂತ ನನಗೆ ಗೊತ್ತೇ ಇರಲಿಲ್ಲ! ನಮ್ಮವನಿಗೆ ಒಂದೇ ದಿನಕ್ಕೆ ಅಷ್ಟು ಹಿಡಿಯುತ್ತದೆ. ಇಂಗ್ಲಿಷ್ ಪಾಠದ ಪ್ರಶ್ನೋತ್ತರ ಎರಡು ಸಲ ಬರೆ, ಕನ್ನಡ ಕಾಪಿ ಒಂದು ಪುಟ, ಮಗ್ಗಿ, ಮೇಲಿಂದ ಪರಿಸರ ಅಧ್ಯಯನದ ಚಿತ್ರ. ಇದನ್ನು ಶಾಲೆಯಲ್ಲಿ ಕೇಳುವುದು ಹೇಗೆ? ಕೇಳಿದರೆ ಮಗುವಿನ ಮೇಲೆ ಸಿಟ್ಟು ತೀರಿಸಿಕೊಂಡರೆ ಅಂತ ಭಯ.

ಕಲ್ಪತರು ಮಿಸ್ (ತುಮಕೂರು)

ನಾನು ಖಾಸಗಿ ಶಾಲೆಯಲ್ಲಿ ಐದನೇ ತರಗತಿಗೆ ಪಾಠ ಮಾಡುತ್ತೇನೆ. ಒಳಗಿನ ಮಾತು ಹೇಳುತ್ತೇನೆ. ಹೋಮ್‌ವರ್ಕ್ ಜಾಸ್ತಿ ಆಗುವುದಕ್ಕೆ ಎರಡು ಕಾರಣ. ಮೊದಲನೆಯದು, ಒಬ್ಬೊಬ್ಬ ಟೀಚರ್ ತನ್ನ ವಿಷಯಕ್ಕೆ "ಬರೀ ಅರ್ಧ ಗಂಟೆ" ಅಂತ ಕೊಡುತ್ತಾರೆ. ಬೇರೆ ಮೂವರು ಏನು ಕೊಟ್ಟಿದ್ದಾರೆ ಅಂತ ಯಾರೂ ನೋಡುವುದಿಲ್ಲ. ಎರಡನೆಯದು, ಡೈರಿ ಖಾಲಿ ಇದ್ದರೆ ಪೋಷಕರೇ ಫೋನ್ ಮಾಡುತ್ತಾರೆ. "ಇವತ್ತು ಏನೂ ಕೊಟ್ಟಿಲ್ವಾ ಮಿಸ್? ಮನೆಯಲ್ಲಿ ಸುಮ್ನೆ ಕೂತಿದಾನೆ."

ನೀವು ಹೋಗಿ "ನಿಮ್ಮ ಹೋಮ್‌ವರ್ಕ್ ಜಾಸ್ತಿ" ಅಂದರೆ ಟೀಚರಿಗೆ ಬೇಜಾರಾಗುತ್ತದೆ. ಅದರ ಬದಲು ಒಂದು ವಾರ ಡೈರಿಯಲ್ಲೇ ಪಕ್ಕದಲ್ಲಿ ಸಣ್ಣದಾಗಿ ಬರೆಯಿರಿ: ಕನ್ನಡ 35 ನಿಮಿಷ, ಗಣಿತ 40 ನಿಮಿಷ, ಹೀಗೆ. ಮಗುವಿಗೆ ನಿದ್ದೆ ಬಂದರೆ "ಇಷ್ಟಕ್ಕೆ ನಾನೇ ನಿಲ್ಲಿಸಿದೆ" ಅಂತ ಬರೆದು ಸಹಿ ಹಾಕಿ. ಆಗ ಮಗುವಿನ ಮೇಲೆ ತಪ್ಪು ಬರುವುದಿಲ್ಲ, ಟೀಚರಿಗೂ ನಿಜವಾದ ಲೆಕ್ಕ ಸಿಗುತ್ತದೆ. ಪೋಷಕರ ಸಭೆಯಲ್ಲಿ ನಾಲ್ಕೈದು ಜನ ತಾಯಂದಿರು ಒಟ್ಟಿಗೆ ಕೇಳಿದರೆ ಇನ್ನೂ ಒಳ್ಳೆಯದು. ಒಂದೊಂದು ದಿನಕ್ಕೆ ಒಂದೊಂದು ವಿಷಯದ ಹೋಮ್‌ವರ್ಕ್ ಅಂತ ಹಂಚಿಕೊಳ್ಳಲು ಯಾವ ಶಾಲೆಗೂ ಖರ್ಚಿಲ್ಲ.

ಬೆಣ್ಣೆನಗರಿ (ದಾವಣಗೆರೆ)

ಟೀಚರಮ್ಮ, ನಿಮ್ಮ ಅನುಭವಕ್ಕೆ ಗೌರವ ಇದೆ. ಆದರೂ ಕೇಳುತ್ತೇನೆ. ಬರೆದು ಬರೆದೇ ಅಲ್ವಾ ಮನಸ್ಸಿನಲ್ಲಿ ಉಳಿಯುವುದು? ಕಡಿಮೆ ಓದಿಸಿದರೆ ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ ಆಗ ಯಾರು ಹೊಣೆ? ಪಕ್ಕದ ಮನೆಯವರ ಮಗ ರಾತ್ರಿ ಹತ್ತರ ತನಕ ಓದುತ್ತಾನೆ. ನಾನು ನನ್ನ ಮಗನನ್ನು ಬೀದಿಯಲ್ಲಿ ಆಡಲು ಬಿಟ್ಟು ನೆಮ್ಮದಿಯಾಗಿ ಇರಲಿ ಅಂದರೆ ಹೇಗೆ?

ಪೇಡೆ ಊರಿನವ (ಧಾರವಾಡ)

ಸರ್, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ನಾನು ಬಿ.ಎಡ್. ಕಾಲೇಜಿನಲ್ಲಿ ಕಲಿಕೆಯ ಮನೋವಿಜ್ಞಾನ ಹೇಳಿಕೊಡುತ್ತೇನೆ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಒಂದೇ ಉತ್ತರವನ್ನು ನೋಡಿ ನೋಡಿ ಮೂರು ಸಲ ಬರೆಯುವಾಗ ಮಗುವಿನ ಕೈ ಮಾತ್ರ ಕೆಲಸ ಮಾಡುತ್ತದೆ. ಓದಿದ್ದು ಉಳಿಯುವುದು, ಪುಸ್ತಕ ಮುಚ್ಚಿ ಅದನ್ನು ನೆನಪಿನಿಂದ ಹೊರಗೆ ತೆಗೆದಾಗ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಅಮೆರಿಕದಲ್ಲಿ ಕಾಲೇಜು ಹುಡುಗರ ಮೇಲೆ ಒಂದು ಪ್ರಯೋಗ ಮಾಡಿದರು. ಕೆಲವರು ಪಾಠವನ್ನು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಓದಿ, ಪುಟ ಪಕ್ಕಕ್ಕಿಟ್ಟು ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತ್ತು. ನೆನಪಿನಿಂದ ಬರೆದವರಿಗೆ ಜಾಸ್ತಿ ಉಳಿದಿತ್ತು. ಪರೀಕ್ಷೆ ಐದು ನಿಮಿಷಕ್ಕೆ ಬರುವುದಿಲ್ಲ ಅಲ್ವಾ?

ಇದರಿಂದ ಮನೆಗೆ ಸಿಗುವ ದಾರಿ ಏನು? ಓದುವ ಹೊತ್ತನ್ನು ಚಿಕ್ಕದು ಮಾಡಿ, ಗಟ್ಟಿ ಮಾಡಿ. ಹದಿನೈದು ನಿಮಿಷ ಓದಲಿ. ಪುಸ್ತಕ ಮುಚ್ಚಿ ನಿಮಗೆ ಹೇಳಲಿ. ತಪ್ಪಿದ್ದನ್ನು ಮಾತ್ರ ಮತ್ತೆ ನೋಡಲಿ. ಎರಡು ದಿನ ಬಿಟ್ಟು ಅದೇ ಪಾಠವನ್ನು ಅಡುಗೆಮನೆಯಲ್ಲೋ ಬೈಕಿನ ಮೇಲೋ ಇನ್ನೊಮ್ಮೆ ಕೇಳಿ. ಹೀಗೆ ಮಾಡಿದರೆ ಎರಡು ಗಂಟೆಯ ಓದು ಮುಕ್ಕಾಲು ಗಂಟೆಗೆ ಇಳಿಯುತ್ತದೆ. ಉಳಿದದ್ದು ಆಟಕ್ಕೆ, ನಿದ್ದೆಗೆ.

ನಿದ್ದೆಯ ಮಾತು ಬಂತು. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, 13ರಿಂದ 18ರವರಿಗೆ 8ರಿಂದ 10 ಗಂಟೆ ಅಂತ ನಿದ್ರಾ ತಜ್ಞರು ಹೇಳುತ್ತಾರೆ. ಹಗಲು ಕಲಿತದ್ದು ಮೆದುಳಿನಲ್ಲಿ ಗಟ್ಟಿಯಾಗುವುದರಲ್ಲಿ ನಿದ್ದೆಯ ಪಾಲು ದೊಡ್ಡದು. ಪಕ್ಕದ ಮನೆಯ ಹುಡುಗ ಹತ್ತರ ತನಕ ಓದಿ ಬೆಳಗ್ಗೆ ಐದಕ್ಕೆ ಏಳುತ್ತಿದ್ದರೆ, ಅವನು ಓದಿದ್ದರಲ್ಲಿ ಎಷ್ಟು ಉಳಿಯಿತು ಅಂತ ಕೇಳಬೇಕಾಗುತ್ತದೆ.

ಹೋಮ್‌ವರ್ಕಿನ ಬಗ್ಗೆಯೂ ಒಂದು ಮಾತು. ಹ್ಯಾರಿಸ್ ಕೂಪರ್ ಮತ್ತು ಜೊತೆಯವರು 2006ರಲ್ಲಿ ಅಮೆರಿಕದ ಹಲವು ವರ್ಷಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಹೈಸ್ಕೂಲ್ ವಯಸ್ಸಿನ ಮಕ್ಕಳಲ್ಲಿ ಹೋಮ್‌ವರ್ಕಿಗೂ ಅಂಕಕ್ಕೂ ಸಂಬಂಧ ಕಂಡಿತು. ಚಿಕ್ಕ ತರಗತಿಗಳಲ್ಲಿ ಆ ಸಂಬಂಧ ಬಹಳ ತೆಳು. ಅಂದರೆ ನಾಲ್ಕನೇ ತರಗತಿ ಹುಡುಗನ ಸಂಜೆಯನ್ನು ಕಿತ್ತುಕೊಂಡು ನಾವು ಗಳಿಸುವುದು ಬಹಳ ಕಡಿಮೆ.

ಕಡಲ ಕಣ್ಣು (ಮಂಗಳೂರು)

ನಾನು ಕಣ್ಣಿನ ಡಾಕ್ಟರ್. ನನ್ನ ಬಳಿ ಬರುವ ಮಕ್ಕಳ ಕನ್ನಡಕ ನೋಡಿದರೆ ಸಂಕಟ ಆಗುತ್ತದೆ. ಎರಡನೇ, ಮೂರನೇ ತರಗತಿಗೇ ದೂರದ್ದು ಕಾಣುವುದಿಲ್ಲ. ದಿನವಿಡೀ ಪುಸ್ತಕ ಮತ್ತು ಮೊಬೈಲು ಹತ್ತಿರ ಹಿಡಿದು ನೋಡುವುದು, ಬಯಲಿಗೆ ಇಳಿಯದೇ ಇರುವುದು, ಎರಡೂ ಸೇರಿಕೊಂಡಿವೆ.

ಚೀನಾದ ಗುವಾಂಗ್‌ಝೌ ನಗರದಲ್ಲಿ ಒಂದನೇ ತರಗತಿ ಮಕ್ಕಳಿಗೆ ಶಾಲೆಯಲ್ಲೇ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಗೆ ಇರಲು ಬಿಟ್ಟರು. ಮೂರು ವರ್ಷದ ನಂತರ ನೋಡಿದಾಗ ಆ ಮಕ್ಕಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ನೂರಕ್ಕೆ ಸುಮಾರು 30. ಹಾಗೆ ಬಿಡದ ಶಾಲೆಗಳಲ್ಲಿ ಸುಮಾರು 40. ಫಲಿತಾಂಶ ಪ್ರಕಟವಾದದ್ದು 2015ರಲ್ಲಿ. ಹಗಲಿನ ಬೆಳಕಿಗೆ ಆ ಶಕ್ತಿ ಇದೆ. ಮನೆಯ ಒಳಗೆ ಎಷ್ಟೇ ದೊಡ್ಡ ಲೈಟು ಹಾಕಿದರೂ ಹೊರಗಿನ ಬೆಳಕಿಗೆ ಸಮ ಆಗುವುದಿಲ್ಲ, ಮೋಡ ಇದ್ದ ದಿನವೂ. ಸಾಗರದ ಅಕ್ಕ ಹೇಳಿದ "ಬೆಳಕಿನ ಹೊತ್ತು ಆಟಕ್ಕೆ" ಅನ್ನುವ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ.

ಪಿಟಿ ಮೇಷ್ಟ್ರು (ಕೊಪ್ಪಳ)

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಇಷ್ಟು ಹೊತ್ತು ಎಲ್ಲರೂ ಮನೆಯ ಸಂಜೆಯ ಮಾತಾಡಿದಿರಿ. ಶಾಲೆಯ ಒಳಗಿನ ಆಟದ ಮಾತೂ ಬರಲಿ.

ಟೈಮ್‌ಟೇಬಲ್‌ನಲ್ಲಿ ಪಿಟಿ ಪೀರಿಯಡ್ ಇರುತ್ತದೆ. ನವೆಂಬರ್ ಆದ ಮೇಲೆ ಅದನ್ನು ಗಣಿತದವರು ಕೇಳುತ್ತಾರೆ, ವಿಜ್ಞಾನದವರು ಕೇಳುತ್ತಾರೆ. "ಪಾಠ ಉಳಿದಿದೆ ಸರ್, ಇದೊಂದು ಸಲ." ಜನವರಿಗೆ ಹತ್ತನೇ ತರಗತಿಗೆ ಪಿಟಿ ಅನ್ನುವುದೇ ಇರುವುದಿಲ್ಲ. ಅವರ ಕಷ್ಟ ನನಗೆ ಅರ್ಥ ಆಗುತ್ತದೆ, ಫಲಿತಾಂಶ ಕಡಿಮೆಯಾದರೆ ನೋಟಿಸ್ ಬರುವುದು ಅವರಿಗೆ. ಆದರೂ ಹೇಳುತ್ತೇನೆ, ಮಗುವಿಗೆ ಆಟ ದೊಡ್ಡವರು ಕೊಡುವ ಬಹುಮಾನ ಅಲ್ಲ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ಕಲಮಿನಲ್ಲಿ ವಿರಾಮ ಮತ್ತು ಆಟ ಮಗುವಿನ ಹಕ್ಕು ಅಂತ ಬರೆದಿದೆ. 1992ರಲ್ಲಿ ಭಾರತ ಅದನ್ನು ಒಪ್ಪಿಕೊಂಡಿದೆ. ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆಗೆ ಆಟದ ಮೈದಾನ ಇರಬೇಕು, ಆಟದ ಸಾಮಾನು ಇರಬೇಕು. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಉಸಿರಾಟ ಜೋರಾಗುವಂತೆ ಮೈ ದಣಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರಕ್ಕೆ ಎರಡು ಪಿಟಿ ಪೀರಿಯಡ್‌ನಲ್ಲಿ ಅದು ಎಲ್ಲಿ ಸಿಗಬೇಕು?

ಹೆಣ್ಣುಮಕ್ಕಳ ವಿಷಯ ಇನ್ನೂ ನೋವಿನದು. ಹಾಸನದ ಅಕ್ಕಾರ, ನಿಮ್ಮ ಮಗಳು ಆಟ ಕೇಳುವುದನ್ನೇ ಬಿಟ್ಟಿದ್ದಾಳೆ ಅಂದಿರಿ. ಅದನ್ನು ಓದಿ ನನಗೆ ಸುಮ್ಮನಿರಲು ಆಗಲಿಲ್ಲ. ಆರನೇ ತರಗತಿಯ ತನಕ ಹುಡುಗರಿಗಿಂತ ಜೋರಾಗಿ ಓಡುವ ಹುಡುಗಿಯರು ಎಂಟನೇ ತರಗತಿಗೆ ಬರುವಾಗ ಗೋಡೆಗೆ ಒರಗಿ ನಿಂತಿರುತ್ತಾರೆ. ಮನೆಯಲ್ಲಿ "ಇನ್ನು ಓಡಾಡಬೇಡ, ದೊಡ್ಡವಳಾದೆ" ಅಂದಿರುತ್ತಾರೆ. ಮುಟ್ಟಿನ ದಿನ, ಬಟ್ಟೆಯ ಚಿಂತೆ, ನೋಡುವವರ ಕಣ್ಣು. ಹುಡುಗರು ಮೈದಾನದ ನಡುವೆ ಕ್ರಿಕೆಟ್ ಹಾಕಿಕೊಂಡರೆ ಹುಡುಗಿಯರಿಗೆ ಜಾಗವೇ ಉಳಿಯುವುದಿಲ್ಲ. ನಾನು ನಮ್ಮ ಶಾಲೆಯಲ್ಲಿ ವಾರದ ಎರಡು ದಿನ ಇಡೀ ಮೈದಾನವನ್ನು ಹುಡುಗಿಯರಿಗೆ ಮಾತ್ರ ಬಿಟ್ಟೆ. ಮೊದಲು ಯಾರೂ ಬರಲಿಲ್ಲ. ಹತ್ತನೇ ತರಗತಿಯ ದೊಡ್ಡ ಹುಡುಗಿಯರನ್ನು ಮುಂದೆ ನಿಲ್ಲಿಸಿದ ಮೇಲೆ ಉಳಿದವರು ಬಂದರು.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆಯಿತು. ನಮ್ಮ ಹೆಣ್ಣುಮಕ್ಕಳ ತಂಡ ಫೈನಲ್‌ನಲ್ಲಿ ನೇಪಾಳವನ್ನು ಸೋಲಿಸಿತು. ಆ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಹಳ್ಳಿಯ ಮೈದಾನದಲ್ಲಿ ಕಲಿತ ಆಟ. ನಿಮ್ಮ ಮಗಳು ಚಾಂಪಿಯನ್ ಆಗಲಿ ಅಂತ ಇದನ್ನು ಹೇಳುತ್ತಿಲ್ಲ. ದಾವಣಗೆರೆ ಸರ್ ಕುಂಬ್ಳೆ ಹೆಸರು ತೆಗೆದಾಗಲೂ ನನಗೆ ಇದೇ ಅನ್ನಿಸಿತು. ಆಟದಿಂದ ಏನೋ ಆಗಬೇಕು ಅನ್ನುವ ಲೆಕ್ಕಾಚಾರವೇ ಬೇಡ. ಓಡಿದರೆ ಅವಳಿಗೆ ಖುಷಿ ಆಗುತ್ತದೆ. ಅಷ್ಟು ಸಾಕು.

ಹತ್ತನೇ ಮಹಡಿ (ಬೆಂಗಳೂರು)

ಮೇಷ್ಟ್ರೇ, ಮೈದಾನ ಇರುವವರು ಪುಣ್ಯವಂತರು. ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಚೆಂಡಾಟ ನಿಷೇಧ ಅಂತ ಬೋರ್ಡ್ ಹಾಕಿದ್ದಾರೆ. ಕಾರಿಗೆ ಚೆಂಡು ತಗುಲುತ್ತದಂತೆ. ಹೊರಗಿನ ರಸ್ತೆಗೆ ಬಿಡುವ ಹಾಗಿಲ್ಲ. ಅದಕ್ಕೆ ನಮ್ಮವಳನ್ನು ಸ್ಕೇಟಿಂಗ್, ಕರಾಟೆ, ಚೆಸ್ ಕ್ಲಾಸಿಗೆ ಸೇರಿಸಿದ್ದೇವೆ. ಇದು ಆಟದ ಲೆಕ್ಕಕ್ಕೆ ಬರುತ್ತದಲ್ವಾ?

ನಿವೃತ್ತ ಟೀಚರಮ್ಮ (ಸಾಗರ)

ಮೈ ದಣಿಯುವ ಲೆಕ್ಕಕ್ಕೆ ಸ್ಕೇಟಿಂಗ್, ಕರಾಟೆ ಬರುತ್ತದೆ ಮಗಾ. ಆದರೆ ಅಲ್ಲಿಯೂ ದೊಡ್ಡವರೇ ಸಾಲು ನಿಲ್ಲಿಸಿ, ದೊಡ್ಡವರೇ ಸೀಟಿ ಊದುತ್ತಾರೆ. ಮಕ್ಕಳು ತಾವೇ ಗುಂಪು ಮಾಡಿಕೊಂಡು, ಯಾರು ಔಟ್ ಅಂತ ಜಗಳ ಆಡಿ, ತಾವೇ ರಾಜಿ ಆಗುವುದು ಇದೆಯಲ್ಲ, ಅದು ಕ್ಲಾಸಿನಲ್ಲಿ ಸಿಗುವುದಿಲ್ಲ. ಲಗೋರಿಯಲ್ಲಿ ಚೆಂಡು ಮೈಗೆ ತಗುಲಿತೋ ಇಲ್ಲವೋ ಅಂತ ಅರ್ಧ ಆಟ ವಾದದಲ್ಲೇ ಹೋಗುತ್ತದೆ. ಆ ವಾದವೂ ಆಟವೇ. ಸೋತವನು ಮುನಿಸಿಕೊಂಡು ಮನೆಗೆ ಹೋಗಿ, ಮರುದಿನ ತಾನೇ ಬರುತ್ತಾನೆ. ವಾರದಲ್ಲಿ ಎರಡು ಸಂಜೆಯಾದರೂ ಕ್ಲಾಸು, ಕೋಚು ಏನೂ ಇಲ್ಲದೆ ಬಿಡಿ.

ಹತ್ತನೇ ಮಹಡಿ (ಬೆಂಗಳೂರು)

ಅರ್ಥವಾಯಿತು ಟೀಚರ್. ಹಾಗಿದ್ದರೆ ಈ ತಿಂಗಳ ಅಸೋಸಿಯೇಷನ್ ಸಭೆಯಲ್ಲಿ ಕೇಳುತ್ತೇನೆ. ಐದರಿಂದ ಆರೂವರೆ ತನಕ ಹಿಂಭಾಗದ ದಾರಿಗೆ ವಾಹನ ಬಿಡುವುದು ಬೇಡ, ರಬ್ಬರ್ ಚೆಂಡಿಗೆ ಅನುಮತಿ ಕೊಡಿ ಅಂತ. ಇಬ್ಬರು ದೊಡ್ಡವರು ಸರದಿಯಲ್ಲಿ ಕುರ್ಚಿ ಹಾಕಿ ಕೂತರೆ ಸಾಕು. ನಮ್ಮ ಬ್ಲಾಕಿನಲ್ಲಿ ಸಂಜೆ ಹೊತ್ತು ಬಿಡುವಿರುವ ಅಜ್ಜ ಅಜ್ಜಿಯರು ಬೇಕಾದಷ್ಟು ಜನ ಇದ್ದಾರೆ.

ತುಂಗಭದ್ರಾ ಕಾಲುವೆ (ರಾಯಚೂರು ಜಿಲ್ಲೆ)

ನಾನು ಹಳ್ಳಿಯಲ್ಲಿ ಅಂಗನವಾಡಿ ಕೆಲಸ ಮಾಡುತ್ತೇನೆ. ನಿಮ್ಮ ಮಾತೆಲ್ಲ ಓದಿದೆ. ನಮ್ಮ ಕಡೆ ಮಕ್ಕಳಿಗೆ ಟ್ಯೂಷನ್ ಇಲ್ಲ, ಹೋಮ್‌ವರ್ಕ್ ಅಷ್ಟು ಇಲ್ಲ. ಆದರೂ ಆಟಕ್ಕೆ ಹೊತ್ತಿಲ್ಲ, ಓದಿಗೂ ಹೊತ್ತಿಲ್ಲ. ನಾಲ್ಕೂವರೆಗೆ ಶಾಲೆ ಬಿಟ್ಟರೆ ಹುಡುಗಿ ನೀರು ತರಬೇಕು, ತಮ್ಮನನ್ನು ಎತ್ತಿಕೊಳ್ಳಬೇಕು, ರೊಟ್ಟಿ ಬಡಿಯಬೇಕು. ಅವ್ವ ಅಪ್ಪ ಹತ್ತಿ ಬಿಡಿಸಲು ಹೋಗಿರುತ್ತಾರೆ. ಹುಡುಗರು ಎಮ್ಮೆ ಹೊಡೆದುಕೊಂಡು ಹೋದಲ್ಲೇ ಆಡುತ್ತಾರೆ. ಹುಡುಗಿಯರಿಗೆ ಅದೂ ಇಲ್ಲ. ಬಗಲಲ್ಲಿ ತಮ್ಮನನ್ನು ಇಟ್ಟುಕೊಂಡೇ ಕುಂಟೆಬಿಲ್ಲೆ ಆಡುವ ಹುಡುಗಿಯನ್ನು ನಾನು ದಿನಾ ನೋಡುತ್ತೇನೆ.

ಇಲ್ಲಿ ನಾವು ಮಾಡಿದ್ದು ಇಷ್ಟೇ. ಕೇಂದ್ರದ ಅಂಗಳದಲ್ಲಿ ಸಂಜೆ ಒಂದು ತಾಸು ಸಣ್ಣ ಮಕ್ಕಳನ್ನು ಇಬ್ಬರು ಅಜ್ಜಿಯರು ನೋಡಿಕೊಳ್ಳುತ್ತಾರೆ. ಅಷ್ಟು ಹೊತ್ತು ಅಕ್ಕಂದಿರ ಕೈ ಖಾಲಿ. ಅರ್ಧ ತಾಸು ಆಡುತ್ತಾರೆ, ಅರ್ಧ ತಾಸು ಕೂತು ಓದುತ್ತಾರೆ. ಯಾರೂ ಹೇಳಿಕೊಟ್ಟಿಲ್ಲ, ಅವರೇ ಹಾಗೆ ಭಾಗ ಮಾಡಿಕೊಂಡರು. ಮಾರ್ಚ್ ಬಂದರೆ ಐದೂವರೆ ತನಕ ಬಿಸಿಲು ಕಾಯುತ್ತದೆ. ಆಗ ಮೊದಲು ಓದು, ಆಮೇಲೆ ಆಟ.

ನಿವೃತ್ತ ಟೀಚರಮ್ಮ (ಸಾಗರ)

ಎಂಥ ಒಳ್ಳೆಯ ಕೆಲಸ ಮಾಡುತ್ತಿದ್ದೀರಿ ತಂಗಿ. ಬೆಳಕಿನ ಲೆಕ್ಕ ನಿಮ್ಮ ಕಡೆ ಬಿಸಿಲಿನ ಲೆಕ್ಕ ಆಗುತ್ತದೆ, ಅದು ನನಗೆ ಹೊಳೆದಿರಲಿಲ್ಲ. ಮಕ್ಕಳೇ ಹೊತ್ತನ್ನು ಭಾಗ ಮಾಡಿಕೊಂಡರು ಅನ್ನುವುದೂ ದೊಡ್ಡ ಮಾತು. ಸರ್ಕಾರಿ ಶಾಲೆಗಳಿಗೆ ಆಡುತ್ತ ಕಲಿಯುವ ನಲಿಕಲಿ ಪದ್ಧತಿ ಬಂದಾಗ ನಾವು ಕಂಡದ್ದೂ ಅದನ್ನೇ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ಆಮೇಲೆ ಇಡೀ ರಾಜ್ಯಕ್ಕೆ ಬಂತು. ಒಂದರಿಂದ ಮೂರನೇ ತರಗತಿ ಮಕ್ಕಳು ಒಟ್ಟಿಗೆ ಕೂತು, ಕಾರ್ಡು ತೆಗೆದು, ಹಾಡಿ, ಆಡಿ ತಮ್ಮ ಮೆಟ್ಟಿಲು ತಾವೇ ಹತ್ತುತ್ತಾರೆ. ಮುಂದಿನ ಕಾರ್ಡು ಯಾವುದು ಅಂತ ಆರು ವರ್ಷದ ಮಗುವಿಗೆ ಗೊತ್ತಿರುತ್ತದೆ. ಮನೆಯಲ್ಲಿ ಮಾತ್ರ ಹನ್ನೆರಡು ವರ್ಷದ ಮಗುವಿಗೂ "ಈಗ ಗಣಿತ ತೆಗೆ, ಈಗ ಕನ್ನಡ ತೆಗೆ" ಅಂತ ನಾವೇ ಹೇಳುತ್ತೇವೆ.

ಚಾಮುಂಡಿ ಮೆಟ್ಟಿಲು (ಮೈಸೂರು)

ಚಿಕ್ಕ ಮಕ್ಕಳಿಗೆ ಇದೆಲ್ಲ ಸರಿ. ನನ್ನ ಮಗ ಎಸ್‌ಎಸ್‌ಎಲ್‌ಸಿ. ಶಾಲೆಯಲ್ಲಿ ವಿಶೇಷ ತರಗತಿ ಮುಗಿದು ಬರುವಾಗ ಸಂಜೆ ಆರೂವರೆ. ಅವನಿಗೆ ಆಟ ಅಂದರೆ ನೆಂಟರೆಲ್ಲ ಬೈಯುತ್ತಾರೆ. "ಒಂದು ವರ್ಷ ಅಲ್ವಾ, ತಡೆದುಕೋ" ಅನ್ನುತ್ತಾರೆ. ಅವನು ಈಗೀಗ ಯಾರೊಂದಿಗೂ ಮಾತಾಡುತ್ತಿಲ್ಲ.

ಪೇಡೆ ಊರಿನವ (ಧಾರವಾಡ)

ಅಕ್ಕಾ, ಮಾತು ನಿಂತಿದೆ ಅನ್ನುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಊಟ ನಿದ್ದೆಯಲ್ಲೂ ವ್ಯತ್ಯಾಸ ಆಗಿದ್ದರೆ ತಡ ಮಾಡದೆ ಡಾಕ್ಟರ ಹತ್ತಿರ ಮಾತಾಡಿ.

ಹತ್ತನೇ ತರಗತಿಯಲ್ಲಿ ಸಂಜೆಯ ಬೆಳಕು ಸಿಗುವುದಿಲ್ಲ, ಒಪ್ಪುತ್ತೇನೆ. ಬೆಳಗ್ಗೆ ಅರ್ಧ ಗಂಟೆ ಸೈಕಲ್ಲೋ ಶಟಲ್ಲೋ ಆಗಬಹುದು. ಭಾನುವಾರ ಬೆಳಗ್ಗೆ ಎರಡು ಗಂಟೆ ಗೆಳೆಯರ ಜೊತೆ ಕ್ರಿಕೆಟ್ ಇರಲಿ, ಅದಕ್ಕೆ ಯಾರೂ ಅಡ್ಡ ಬರಬಾರದು. ಅದೊಂದು ಇದೆ ಅಂತ ಗೊತ್ತಿದ್ದರೆ ವಾರವಿಡೀ ಓದಲು ಹುರುಪು ಇರುತ್ತದೆ. ಇನ್ನೊಂದನ್ನು ಅವನಿಗೆ ಬಾಯಿಬಿಟ್ಟು ಹೇಳಿ. 2024ರಿಂದ ನಮ್ಮಲ್ಲಿ ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಮಾರ್ಚ್‌ನದು ತಪ್ಪಿದರೆ ಆ ವರ್ಷವೇ ಮತ್ತೆ ಬರೆಯಬಹುದು. ಒಂದೇ ಬಾಗಿಲು, ಅದು ಮುಚ್ಚಿದರೆ ಮುಗಿಯಿತು ಅನ್ನುವ ಹೆದರಿಕೆ ಅವನಿಗೆ ಬೇಡ.

ದ್ವಿತೀಯ ಪಿಯು (ಶಿರಸಿ)

ನಾನು ಇಲ್ಲಿ ದೊಡ್ಡವರ ನಡುವೆ ಬರೆಯುತ್ತಿದ್ದೇನೆ, ಕ್ಷಮಿಸಿ. ಹತ್ತನೇ ತರಗತಿಯಲ್ಲಿ ನನಗೆ ಥ್ರೋಬಾಲ್ ಬಿಡಿಸಿದರು. ಆಗ ಸಿಕ್ಕ ಸಮಯದಲ್ಲಿ ನಾನು ಓದಲಿಲ್ಲ. ಪುಸ್ತಕ ತೆರೆದು ಕೂತಿದ್ದೆ ಅಷ್ಟೇ. ಅಮ್ಮ ಬಾಗಿಲ ಹತ್ತಿರ ಬಂದಾಗ ಪುಟ ತಿರುಗಿಸುತ್ತಿದ್ದೆ. ಪಿಯುನಲ್ಲಿ ಮನೆಯಲ್ಲಿ ಕೇಳಿಕೊಂಡು ವಾರಕ್ಕೆ ಮೂರು ಸಂಜೆ ಕಾಲೇಜು ಗ್ರೌಂಡಿಗೆ ಹೋಗುತ್ತೇನೆ. ವಾರದ ಕೆಲಸವನ್ನು ಭಾನುವಾರವೇ ನಾನೇ ಬರೆದಿಡುತ್ತೇನೆ, ಅಪ್ಪ ನೋಡುತ್ತಾರೆ, ಬದಲಾಯಿಸುವುದಿಲ್ಲ. ಆಟದ ದಿನ ಕೆಮಿಸ್ಟ್ರಿ ಇಟ್ಟುಕೊಳ್ಳುವುದಿಲ್ಲ, ಸುಲಭದ್ದು ಇಟ್ಟುಕೊಳ್ಳುತ್ತೇನೆ. ಮೈಸೂರಿನ ಆಂಟಿ, ನಿಮ್ಮ ಮಗನನ್ನೇ ಕೇಳಿ, ಅವನಿಗೆ ಯಾವ ಹೊತ್ತು ಬೇಕು ಅಂತ.

ಬೆಣ್ಣೆನಗರಿ (ದಾವಣಗೆರೆ)

ಈ ಮಗುವಿನ ಮಾತು ಮನಸ್ಸಿಗೆ ತಟ್ಟಿತು. ಪುಟ ತಿರುಗಿಸುವ ಸದ್ದು ನಮ್ಮ ಮನೆಯಲ್ಲೂ ಕೇಳುತ್ತದೆ. ಕೆಲಸದ ಹೊಣೆ ಕಲಿಯಬೇಕು ಅನ್ನುವ ನನ್ನ ಮಾತು ಹಾಗೇ ಇರಲಿ. ಆದರೆ ಆ ಹೊಣೆಯನ್ನು ಮಗನ ಕೈಗೇ ಕೊಟ್ಟು ನೋಡಬಹುದು ಅನ್ನಿಸುತ್ತಿದೆ. ಒಂದು ಕೇಳಬೇಕು. ಅವನನ್ನು ಆಡಲು ಬಿಟ್ಟರೆ ಮೊಬೈಲ್ ಗೇಮ್ ಹಿಡಿದು ಕೂರುತ್ತಾನೆ. ಹೊರಗೆ ಹೋಗು ಅಂದರೆ "ಯಾರೂ ಇಲ್ಲ" ಅನ್ನುತ್ತಾನೆ. ಅದು ನಿಜವೂ ಹೌದು. ಬೀದಿಯಲ್ಲಿ ಹುಡುಗರೇ ಕಾಣುವುದಿಲ್ಲ.

ಕಲ್ಪತರು ಮಿಸ್ (ತುಮಕೂರು)

ಸರ್, ಯಾರೂ ಇಲ್ಲ ಅನ್ನುವುದೇ ಈಗಿನ ದೊಡ್ಡ ಕಷ್ಟ. ಒಬ್ಬೊಬ್ಬರ ಟ್ಯೂಷನ್ ಒಂದೊಂದು ಹೊತ್ತಿಗೆ. ಒಬ್ಬ ಬರುವಾಗ ಇನ್ನೊಬ್ಬ ಹೊರಟಿರುತ್ತಾನೆ. ನಿಮ್ಮ ಬೀದಿಯ ನಾಲ್ಕು ಮನೆಯವರು ಮಾತಾಡಿಕೊಂಡು ಐದರಿಂದ ಆರು ಯಾರಿಗೂ ಟ್ಯೂಷನ್ ಬೇಡ ಅಂತ ಒಪ್ಪಿಕೊಳ್ಳಿ. ನಾಲ್ಕು ಮಕ್ಕಳು ಕಂಡರೆ ಐದನೆಯದು ತಾನೇ ಬರುತ್ತದೆ. ಮೊಬೈಲನ್ನು ಬೈದು ಕಿತ್ತುಕೊಳ್ಳುವುದಕ್ಕಿಂತ, ಆ ಹೊತ್ತಿನಲ್ಲಿ ಮನೆಯ ಎಲ್ಲರ ಮೊಬೈಲೂ ಒಂದು ಕಡೆ ಇರಲಿ. ಅಪ್ಪನದೂ ಸೇರಿ.

ಉತ್ತರದ ಹಿಮ (ಹೆಲ್ಸಿಂಕಿ)

ನಾವು ಚಿತ್ರದುರ್ಗದವರು, ಈಗ ಫಿನ್‌ಲ್ಯಾಂಡ್‌ನಲ್ಲಿದ್ದೇವೆ. ಇಲ್ಲಿ ಒಂದನೇ ತರಗತಿ ಶುರುವಾಗುವುದೇ ಮಗುವಿಗೆ ಏಳು ತುಂಬುವ ವರ್ಷ. ಸಾಮಾನ್ಯವಾಗಿ 45 ನಿಮಿಷ ಪಾಠ ಆದರೆ 15 ನಿಮಿಷ ಬಿಡುವು, ಆ ಬಿಡುವಿನಲ್ಲಿ ಹೊರಗೆ ಹೋಗಬೇಕು. ಹಿಮ ಬೀಳುವಾಗಲೂ ಬೂಟು, ಟೋಪಿ ಹಾಕಿ ಕಳಿಸುತ್ತಾರೆ. ಮೊದಲು ನನಗೂ ಭಯ ಆಗಿತ್ತು. ನಮ್ಮ ಶಾಲೆಗಳಲ್ಲಿ ಇದನ್ನೆಲ್ಲ ತರುವುದು ಕಷ್ಟ, ಒಂದು ತರಗತಿಗೆ ಐವತ್ತು ಮಕ್ಕಳಿರುತ್ತಾರೆ. ಆದರೆ ಎರಡು ಪೀರಿಯಡ್ ನಡುವೆ ಐದು ನಿಮಿಷ ಎದ್ದು ಅಂಗಳಕ್ಕೆ ಹೋಗಿ ಬರಲು ಆಗುತ್ತದಲ್ವಾ?

ಪಿಟಿ ಮೇಷ್ಟ್ರು (ಕೊಪ್ಪಳ)

ಆಗುತ್ತದೆ ಸರ್. ಮುಖ್ಯ ಗುರುಗಳು ಮನಸ್ಸು ಮಾಡಬೇಕು. ತಿಂಗಳ ಮೂರನೇ ಶನಿವಾರ ಬ್ಯಾಗ್ ಇಲ್ಲದ ಸಂಭ್ರಮ ಶನಿವಾರ ಅಂತ ನಮ್ಮ ಇಲಾಖೆ 2019ರಲ್ಲೇ ಹೇಳಿದೆ. ಆ ಒಂದು ದಿನವನ್ನು ಪೂರ್ತಿ ನಡೆಸಿದ ಶಾಲೆಯಲ್ಲಿ ಮಕ್ಕಳ ಹಾಜರಾತಿ ನೋಡಿ, ನಿಮಗೇ ಗೊತ್ತಾಗುತ್ತದೆ.

ಹೇಮಾವತಿ ತೀರ (ಹಾಸನ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಯಜಮಾನರಿಗೂ ಅತ್ತೆಗೂ ಇದನ್ನು ಓದಿ ಹೇಳಿದೆ. ಮಗನ ಟ್ಯೂಷನ್ ನಿಲ್ಲಿಸಲು ಯಜಮಾನರು ಒಪ್ಪಿದರು. ಮಗಳದು ಗಣಿತ ಮಾತ್ರ ಇರಲಿ, ಅದೂ ಏಳು ಗಂಟೆಗೆ ಅಂತ ಟ್ಯೂಷನ್ ಮಿಸ್ ಹತ್ತಿರ ಮಾತಾಡುತ್ತೇನೆ. ಡೈರಿಯಲ್ಲಿ ನಿಮಿಷ ಬರೆಯುವುದು ಸೋಮವಾರದಿಂದ ಶುರು.

ಮೇಷ್ಟ್ರೇ, ನಮ್ಮ ಮನೆ ಮುಂದೆ ಜಾಗ ಚಿಕ್ಕದು, ಎರಡು ಕಾರು ನಿಲ್ಲುವಷ್ಟು. ಮಗಳು, ಮಗ, ಪಕ್ಕದ ಮನೆಯ ಹುಡುಗಿ, ಮೂವರೇ. ವಯಸ್ಸೂ ಬೇರೆ ಬೇರೆ. ಏನು ಆಡಿಸಲಿ?

ಪಿಟಿ ಮೇಷ್ಟ್ರು (ಕೊಪ್ಪಳ)

ಅಕ್ಕಾರ, ಮೂವರಿಗೆ ಎರಡು ಕಾರಿನ ಜಾಗ ಧಾರಾಳ. ಕುಂಟೆಬಿಲ್ಲೆಗೆ ಒಂದು ಸೀಮೆಸುಣ್ಣ, ಒಂದು ಹೆಂಚಿನ ಚೂರು ಸಾಕು. ಚಿಕ್ಕವನಿಗೆ ಮನೆ ದೊಡ್ಡದು ಬರೆಯಿರಿ, ದೊಡ್ಡವಳಿಗೆ ಚಿಕ್ಕದು, ಆಗ ಇಬ್ಬರಿಗೂ ಆಟ ಸಮ ಆಗುತ್ತದೆ. ಹಗ್ಗದಾಟಕ್ಕೆ ಮೂವರೇ ಬೇಕು, ಇಬ್ಬರು ತಿರುಗಿಸಲು, ಒಬ್ಬರು ಜಿಗಿಯಲು. ಲಗೋರಿಗೆ ಏಳು ಚಪ್ಪಟೆ ಕಲ್ಲು ಹುಡುಕಿ, ಚೆಂಡಿಗೆ ಹಳೆ ಸಾಕ್ಸಿನಲ್ಲಿ ಬಟ್ಟೆ ತುಂಬಿ ಕಟ್ಟಿ. ಕಿಟಕಿ ಗಾಜಿಗೂ ಕಾರಿಗೂ ಏನೂ ಆಗುವುದಿಲ್ಲ.

ಮಳೆ ಬಂದ ದಿನ ಅತ್ತೆಯವರನ್ನು ಕರೆಯಿರಿ. ಚೌಕಾಬಾರ ಅವರಿಗೆ ಖಂಡಿತ ಗೊತ್ತಿರುತ್ತದೆ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಮನೆಗೆ ಹೋಗುವ ಹಾಗಿಲ್ಲ. ಅದಕ್ಕೆ ನಾಲ್ಕನೇ ತರಗತಿ ಹುಡುಗ ಎಷ್ಟು ಲೆಕ್ಕ ಹಾಕುತ್ತಾನೆ ನೋಡಿ. ಅಳಗುಳಿಮನೆ ಇದ್ದರೆ ಇನ್ನೂ ಒಳ್ಳೆಯದು. ಹದಿನಾಲ್ಕು ಗುಳಿ, ಹಿಡಿ ಹುಣಸೆ ಬೀಜ. ಹಲಗೆ ಇಲ್ಲದಿದ್ದರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡರೂ ನಡೆಯುತ್ತದೆ.

ಮೊದಲ ನಾಲ್ಕು ದಿನ ಮಗಳು ಹೊರಗೆ ಬರದೇ ಇರಬಹುದು. ಒತ್ತಾಯ ಮಾಡಬೇಡಿ. ನೀವೇ ಸೀರೆಯ ಸೆರಗು ಸಿಕ್ಕಿಸಿಕೊಂಡು ಒಂದು ಮನೆ ಕುಂಟಿ, ಆಮೇಲೆ ಬರುತ್ತಾಳೆ.